ಪಾರ್ಕಿನ ಗೇಟಿಗೆ ಬೀಗ: ಹೊರಗಿನವರು ಯಾರು?

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡವರು ನಾಲ್ಕು ಜನ ಸೇರಿದರೆ ಮಾತು ಮೊದಲು ನಲ್ಲಿ ನೀರಿನ ಕಡೆ ಹೋಗುತ್ತದೆ, ಆಮೇಲೆ ಒಳಚರಂಡಿಯ ಕಡೆ, ಕೊನೆಗೆ ಪಾರ್ಕಿನ ಕಡೆ. ಸೈಟ್ ಕೊಳ್ಳುವಾಗ ಇದೇ ಪಾರ್ಕ್ ದೊಡ್ಡ ಆಕರ್ಷಣೆಯಾಗಿತ್ತು. ‘ಪಾರ್ಕ್ ಎದುರಿನ ಸೈಟ್’ ಎಂದರೆ ಅದರ ಬೆಲೆಯೇ ಬೇರೆ. ಮನೆ ಕಟ್ಟಿ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಆಕರ್ಷಣೆ ತಲೆನೋವಾಗಿರುತ್ತದೆ. ರಾತ್ರಿ ಒಂಬತ್ತರ ಮೇಲೆ ಬೈಕುಗಳು ಬಂದು ನಿಲ್ಲುತ್ತವೆ. ಬೆಳಿಗ್ಗೆ ನೋಡಿದರೆ ಬೆಂಚಿನ ಕೆಳಗೆ ಬಾಟಲಿ, ಪ್ಲಾಸ್ಟಿಕ್ ಲೋಟ, ಮಂಡಕ್ಕಿ-ಮಿರ್ಚಿ ಕಟ್ಟಿದ್ದ ಪೇಪರ್. ಜಾರುಬಂಡೆಯ ತಗಡು ಕಿತ್ತು ಬಂದಿದೆ. ದೀಪದ ಕಂಬವಿದೆ, ಬಲ್ಬ್ ಇಲ್ಲ. ಯಾರಿಗೆ ಹೇಳಬೇಕೆಂದು ಗೊತ್ತಿಲ್ಲ, ಹೇಳಿದರೂ ಕೇಳುವವರಿಲ್ಲ. ಆಗ ಅಕ್ಕಪಕ್ಕದ ನಾಲ್ಕು ಮನೆಯವರು ದುಡ್ಡು ಹಾಕಿ ಒಂದು ಬೀಗ ತಂದು ಗೇಟಿಗೆ ಜಡಿಯುತ್ತಾರೆ. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರದ ಬಡಾವಣೆಗಳಿಗೆ ಹೋದರೂ ಕೇಳಸಿಗುವ ದೂರುಗಳು ಹೆಚ್ಚುಕಡಿಮೆ ಇವೇ.

ಬೀಗ ಹಾಕಿದ ಮೇಲೆ ಏನಾಗುತ್ತದೆ? ರಾತ್ರಿ ಕುಡಿಯಲು ಬರುವವನಿಗೆ ನಾಲ್ಕಡಿ ಕಾಂಪೌಂಡ್ ಲೆಕ್ಕಕ್ಕಿಲ್ಲ. ಅವನು ಹಾರಿ ಒಳಗೆ ಹೋಗುತ್ತಾನೆ. ಹೋದ ಮೇಲೆ ಅವನಿಗೆ ಇನ್ನೂ ಅನುಕೂಲ, ಏಕೆಂದರೆ ಬೇರೆ ಯಾರೂ ಒಳಗೆ ಬರುವಂತಿಲ್ಲ. ಬೀಗ ನಿಜವಾಗಿ ತಡೆಯುವುದು ಯಾರನ್ನು? ವೈದ್ಯರು ದಿನಾ ನಡೆಯಿರಿ ಎಂದು ಹೇಳಿದ ಗರ್ಭಿಣಿಯನ್ನು. ಮಂಡಿ ನೋವಿನ ಅಜ್ಜನನ್ನು. ಮೂರು ಗಾಲಿಯ ಸೈಕಲ್ ಹಿಡಿದು ಬಂದ ಮಗುವನ್ನು. ಅಸರ್ ಮತ್ತು ಮಗ್ರಿಬ್ ನಡುವೆ ಸಿಗುವ ಒಂದು ಗಂಟೆಯಲ್ಲಿ ಮನೆಯಿಂದ ಹೊರಬಂದು ನಾಲ್ಕು ಸುತ್ತು ಹಾಕೋಣವೆಂದುಕೊಂಡ ಸಹೋದರಿಯನ್ನು. ಗೋಡೆ ಹಾರಲಾಗದವರು ಮಾತ್ರ ಬೀಗಕ್ಕೆ ತಲೆಬಾಗುತ್ತಾರೆ.

ಹಾಗೆಂದು ಬೀಗ ಹಾಕಿದವರನ್ನು ಬೈಯುವುದು ಸುಲಭವಾದರೂ ನ್ಯಾಯವಲ್ಲ. ಅವರ ಭಯ ನಿಜ. ಟ್ಯೂಷನ್ ಮುಗಿಸಿ ಏಳೂವರೆಗೆ ಬರುವ ಹೆಣ್ಣುಮಗಳು ಆ ಕತ್ತಲ ಮೂಲೆಯನ್ನು ದಾಟಿಯೇ ಮನೆ ಸೇರಬೇಕು. ಅಲ್ಲಿ ಕೂತವರು ಏನಾದರೂ ಅಂದರೆ ಅವಳು ಮನೆಯಲ್ಲಿ ಹೇಳುವುದಿಲ್ಲ, ಹೇಳಿದರೆ ಟ್ಯೂಷನ್ನೇ ನಿಂತುಹೋಗುತ್ತದೆಂಬ ಹೆದರಿಕೆ. ಇಂಥ ಮನೆಗಳ ತಾಯಂದಿರಿಗೆ ‘ಸಾರ್ವಜನಿಕ ಸ್ಥಳ’ದ ಬಗ್ಗೆ ಭಾಷಣ ಬೇಕಿಲ್ಲ, ದೀಪ ಬೇಕು. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಕುಡಿಯುವುದು ನಮ್ಮ ರಾಜ್ಯದ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. 112ಕ್ಕೆ ಫೋನ್ ಮಾಡಿದರೆ ಪೊಲೀಸ್ ವಾಹನ ಬರುತ್ತದೆ. ಆದರೆ ಫೋನ್ ಮಾಡಿದ್ದು ಯಾವ ಮನೆಯವರೆಂದು ಮರುದಿನ ತಿಳಿದುಬಿಟ್ಟರೆ ಎಂಬ ಅಳುಕು ಎಲ್ಲರಿಗೂ ಇದೆ. ಆದ್ದರಿಂದ ಒಬ್ಬರು ಮಾಡುವುದಿಲ್ಲ, ಇನ್ನೊಬ್ಬರು ಮಾಡಲಿ ಎಂದು ಕಾಯುತ್ತಾರೆ.

‘ಹೊರಗಿನವರು’ ಎಂಬ ಮಾತು

ಈ ದೂರುಗಳ ನಡುವೆ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಹೊರಗಿನವರು. ‘ಹೊರಗಿನ ಹುಡುಗರು ಬಂದು ಕ್ರಿಕೆಟ್ ಆಡುತ್ತಾರೆ’, ‘ಹೊರಗಿನವರು ಬಂದು ಊಟ ಮಾಡಿ ಎಲೆ ಬಿಸಾಡುತ್ತಾರೆ’. ಕುಡಿದು ಬಾಟಲಿ ಒಡೆಯುವವನೂ ಹೊರಗಿನವನು, ಚೆಂಡು ತರಲು ಗೋಡೆ ಹಾರಿದ ಹತ್ತು ವರ್ಷದ ಹುಡುಗನೂ ಹೊರಗಿನವನು. ಇಬ್ಬರನ್ನೂ ಒಂದೇ ಪದದಲ್ಲಿ ಕಟ್ಟಿಬಿಟ್ಟಾಗ ಕಷ್ಟ ಶುರುವಾಗುತ್ತದೆ.

ಆ ಹುಡುಗ ಎಲ್ಲಿಂದ ಬರುತ್ತಾನೆ? ಹಳೇ ದಾವಣಗೆರೆಯ ಗಲ್ಲಿಗಳನ್ನು ನೋಡಿದವರಿಗೆ ಉತ್ತರ ಗೊತ್ತು. ಹತ್ತಿ ಗಿರಣಿಗಳು ಓಡುತ್ತಿದ್ದ ಕಾಲದಲ್ಲಿ ಕೆಲಸ ಹುಡುಕಿ ಬಂದವರ ಮನೆಗಳು ಒಂದಕ್ಕೊಂದು ಬೆನ್ನು ತಾಗಿಸಿ ಬೆಳೆದವು. ಗಿರಣಿಗಳು ನಿಂತವು, ಮನೆಗಳು ಉಳಿದವು. ಮಂಡಕ್ಕಿ ಭಟ್ಟಿಗಳ ಸುತ್ತಮುತ್ತ ಗಂಡ ಹೆಂಡತಿ ಇಬ್ಬರೂ ಬೆಂಕಿಯ ಮುಂದೆ ದುಡಿಯುವ ಕುಟುಂಬಗಳಿವೆ. ಹೊಗೆ ಮನೆಯೊಳಕ್ಕೇ ಬರುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಆರು ಜನ. ಅಲ್ಲಿನ ಮಗುವಿಗೆ ಆಡಲು ರಸ್ತೆಯೇ ಮೈದಾನ, ಆಟೋ ಬಂದಾಗಲೆಲ್ಲ ವಿಕೆಟ್ ಎತ್ತಿಕೊಳ್ಳಬೇಕು. ಅವನು ಒಂದು ಭಾನುವಾರ ಗೆಳೆಯರ ಜೊತೆ ಎರಡು ಕಿಲೋಮೀಟರ್ ನಡೆದು ಹೊಸ ಬಡಾವಣೆಯ ಪಾರ್ಕಿಗೆ ಬಂದರೆ ಅದು ಅತಿಕ್ರಮಣವೇ?

ಕಾನೂನಿನ ಪ್ರಕಾರ ಅಲ್ಲ. 2024ರ ಜುಲೈ 1ರಿಂದ ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅತಿಕ್ರಮ ಪ್ರವೇಶ ಅಪರಾಧವಾಗಬೇಕಾದರೆ ಅದರ ಹಿಂದೆ ಕೆಟ್ಟ ಉದ್ದೇಶ ಇರಬೇಕು: ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶ. ಚೆಂಡಿನ ಹಿಂದೆ ಓಡಿದ ಹುಡುಗನಲ್ಲಿ ಅದಿಲ್ಲ. ಇನ್ನು ಪಾರ್ಕಿನ ಜಾಗ ಯಾರದು? ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯ್ದೆ, ಪ್ರಾಧಿಕಾರ ಬಡಾವಣೆ ಮಾಡುವಾಗ ಒಟ್ಟು ಜಾಗದಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಪಾರ್ಕ್ ಮತ್ತು ಆಟದ ಬಯಲಿಗೆ, ಅದರ ಮೇಲೆ ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ನಾಗರಿಕ ಸೌಲಭ್ಯಗಳಿಗೆ ಬಿಡಬೇಕೆಂದು ವಿಧಿಸಿತು. ಖಾಸಗಿಯವರು ಮಾಡುವ ಬಡಾವಣೆಯಲ್ಲಿ ರಸ್ತೆ ಮತ್ತು ಪಾರ್ಕಿನ ಜಾಗವನ್ನು ಅವರು ಉಚಿತವಾಗಿ ಬಿಟ್ಟುಕೊಟ್ಟು ನೋಂದಣಿ ಮಾಡಿಸಬೇಕು. ಸೈಟ್ ಕೊಂಡವರು ಈ ಜಾಗದ ಬೆಲೆಯನ್ನೂ ಪರೋಕ್ಷವಾಗಿ ಕೊಟ್ಟಿರುತ್ತಾರೆ, ಆ ವಾದದಲ್ಲಿ ಹುರುಳಿದೆ. ಆದರೆ ಅದೇ ದುಡ್ಡಿನಲ್ಲಿ ರಸ್ತೆಯ ಬೆಲೆಯೂ ಸೇರಿತ್ತು. ರಸ್ತೆಗೆ ಯಾರೂ ಬೀಗ ಹಾಕುವುದಿಲ್ಲವಲ್ಲ!

ಯಾರ ಪಾರ್ಕ್, ಯಾರ ಕೆಲಸ?

ದಾವಣಗೆರೆ 1997ರ ಆಗಸ್ಟ್ 15ರಂದು ಜಿಲ್ಲೆಯಾಯಿತು. 2007ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆ ಬಂತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ಹೆಸರು ಸೇರಿತು. ಊರು ಬೆಳೆದ ವೇಗಕ್ಕೆ ಇವು ಮೈಲಿಗಲ್ಲುಗಳು. ಕುಂದವಾಡ ಕೆರೆಯ ಹತ್ತಿರ ಗಾಜಿನ ಮನೆ ಎದ್ದಿತು, ನೆಂಟರು ಬಂದರೆ ಕರೆದುಕೊಂಡು ಹೋಗಲು ಒಂದು ಜಾಗವಾಯಿತು. ಆದರೆ ಗಾಜಿನ ಮನೆಗೆ ಮಗುವನ್ನು ದಿನಾ ಕರೆದೊಯ್ಯಲಾಗುವುದಿಲ್ಲ. ದಿನದ ಬಾಳಿಗೆ ಬೇಕಾದದ್ದು ಬೀದಿ ಕೊನೆಯ ಅರ್ಧ ಎಕರೆಯ ಪಾರ್ಕ್.

ಆ ಅರ್ಧ ಎಕರೆಯನ್ನು ನೋಡಿಕೊಳ್ಳುವವರು ಯಾರೆಂದು ಕೇಳಿ ನೋಡಿ. ಬಡಾವಣೆ ಮಾಡಿದ್ದು ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ‘ದೂಡಾ’. ಅಥವಾ ದೂಡಾದಿಂದ ಮಂಜೂರಾತಿ ಪಡೆದ ಖಾಸಗಿಯವರು. ಬಡಾವಣೆ ಪೂರ್ತಿಯಾದ ಮೇಲೆ ಅದನ್ನು ಪಾಲಿಕೆಗೆ ಅಥವಾ ಹರಿಹರದಲ್ಲಾದರೆ ನಗರಸಭೆಗೆ ಹಸ್ತಾಂತರ ಮಾಡಬೇಕು. ಹಸ್ತಾಂತರವಾಗುವ ತನಕ ಪಾಲಿಕೆಯ ಮಾಲಿ ಬರುವುದಿಲ್ಲ. ಹಸ್ತಾಂತರವಾಗದೆ ವರ್ಷಗಟ್ಟಲೆ ಉಳಿಯುವ ಬಡಾವಣೆಗಳು ಕರ್ನಾಟಕದ ಎಲ್ಲ ಊರುಗಳಲ್ಲೂ ಇವೆ. ಎರಡು ಕಚೇರಿಗಳ ನಡುವೆ ಬಿದ್ದ ಪಾರ್ಕಿನಲ್ಲಿ ಮೊದಲು ಬೆಳೆಯುವುದು ಪಾರ್ಥೇನಿಯಂ. ಬೇಸಿಗೆಯಲ್ಲಿ ಬೋರ್ ಬತ್ತುತ್ತದೆ, ನೆಟ್ಟ ಗಿಡ ಒಣಗುತ್ತದೆ, ಮಳೆಗಾಲಕ್ಕೆ ಇನ್ನೊಂದು ಸಲ ನೆಡುವ ಕಾರ್ಯಕ್ರಮ ನಡೆದು ಫೋಟೋ ಬರುತ್ತದೆ.

ಅಲಕ್ಷ್ಯದ ಬೆಲೆ ಬರೀ ಒಣಗಿದ ಗಿಡವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಟದ ಮೈದಾನವೊಂದರ ಕಬ್ಬಿಣದ ಗೇಟು ಕಳಚಿ ಬಿದ್ದು ಒಬ್ಬ ಬಾಲಕ ತೀರಿಕೊಂಡ. ಆಡಲು ಹೋದ ಮಗು. ಪ್ರಿಯ ಓದುಗರೇ, ನಿಮ್ಮ ಬೀದಿಯ ಪಾರ್ಕಿನ ಗೇಟನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಕೀಲು ತುಕ್ಕು ಹಿಡಿದು ಒಂದೇ ಬದಿಗೆ ನೇತಾಡುತ್ತಿದ್ದರೆ, ಬೀಗದ ಮಾತು ಆಮೇಲೆ.

ಸಣ್ಣ ಅತಿಕ್ರಮಣ, ದೊಡ್ಡ ಅತಿಕ್ರಮಣ

ಬೈಕಿನವರು, ಬಾಟಲಿಯವರು, ಕ್ರಿಕೆಟ್ ಹುಡುಗರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಇವರು ಬೆಳಿಗ್ಗೆ ಹೊತ್ತಿಗೆ ಹೋಗಿಬಿಡುತ್ತಾರೆ. ಹೋಗದೆ ಉಳಿಯುವ ಅತಿಕ್ರಮಣ ಇನ್ನೊಂದಿದೆ. ಅದು ಹಾಡುಹಗಲೇ, ಕಾಗದದ ಮೂಲಕ, ಕೆಲವೊಮ್ಮೆ ಶಂಕುಸ್ಥಾಪನೆಯ ಸಮೇತ ಬರುತ್ತದೆ. ಪಕ್ಕದ ಮನೆಯ ಕಾಂಪೌಂಡ್ ಮೂರಡಿ ಮುಂದೆ ಸರಿಯುತ್ತದೆ. ಮೂಲೆಯಲ್ಲಿ ಶೆಡ್ಡು ಏಳುತ್ತದೆ. ನೀರಿನ ಟ್ಯಾಂಕ್, ಸಮುದಾಯ ಭವನ, ಯಾವುದೋ ಸಂಘದ ಕಚೇರಿ. ಹತ್ತು ವರ್ಷದಲ್ಲಿ ಪಾರ್ಕ್ ಎನ್ನುವುದು ನಕ್ಷೆಯಲ್ಲಿ ಮಾತ್ರ ಇರುತ್ತದೆ. ಬೀಗ ಹಾಕಿ ಬೇರೆಯವರು ಬಾರದಂತೆ ಮಾಡಿದ ಪಾರ್ಕ್ ಇಂಥವರ ಕೈಗೆ ಸುಲಭದ ತುತ್ತು, ಒಳಗೆ ನೋಡುವವರೇ ಇರುವುದಿಲ್ಲವಲ್ಲ.

ಈ ದೊಡ್ಡ ಅತಿಕ್ರಮಣದ ವಿರುದ್ಧ ನೆರೆಹೊರೆಯವರು ಹೋರಾಡಿ ಗೆದ್ದ ಪ್ರಕರಣ ನಮ್ಮ ರಾಜ್ಯದ್ದೇ. ಇಂದಿಗೂ ದೇಶದ ನ್ಯಾಯಾಲಯಗಳು ಅದನ್ನು ಉಲ್ಲೇಖಿಸುತ್ತವೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ನಕ್ಷೆಯಲ್ಲಿ ಒಂದು ಜಾಗವನ್ನು ಪಾರ್ಕಿಗೆಂದು ಬಿಡಲಾಗಿತ್ತು. 1976ರಲ್ಲಿ ಸರ್ಕಾರ ಆದೇಶ ಹೊರಡಿಸಿತು, ಅದರಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಆ ಜಾಗವನ್ನು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ಆಸ್ಪತ್ರೆ ಕಟ್ಟಲು ಹಂಚಿತು. ಆಸ್ಪತ್ರೆ ಎಂದರೆ ಯಾರು ಬೇಡವೆನ್ನುತ್ತಾರೆ? ಆದರೂ ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ಮೇಲ್ಮನವಿ ಸಲ್ಲಿಸಿದರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು.

1991ರ ಜುಲೈ 19ರಂದು ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮನ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂದೇ ಆ ತೀರ್ಪು ಪ್ರಸಿದ್ಧ. ಟ್ರಸ್ಟಿನವರ ಒಂದು ವಾದ, ಇದನ್ನು ಪ್ರಶ್ನಿಸಲು ನೆರೆಯವರಿಗೆ ಹಕ್ಕೇ ಇಲ್ಲ ಎಂಬುದಾಗಿತ್ತು. ಕೋರ್ಟ್ ಅದನ್ನು ತಳ್ಳಿಹಾಕಿತು. ಪಾರ್ಕ್ ಹೋದರೆ ಗಾಳಿ, ಬೆಳಕು, ನೆಮ್ಮದಿ ಕಳೆದುಕೊಳ್ಳುವವರು ನೆರೆಯವರೇ, ಆದ್ದರಿಂದ ಕೇಳುವ ಹಕ್ಕು ಅವರಿಗಿದೆ ಎಂಬುದು ತೀರ್ಪಿನ ತಿರುಳು. ಬಡಾವಣೆಯ ಯೋಜನೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಮೇಲಿನವರ ಒಂದು ಸೂಚನೆಯ ಮೇಲೆ ಖಾಸಗಿ ಆಸ್ಪತ್ರೆಗೆ ತಿರುಗಿಸುವಂತಿಲ್ಲ, ಸೂಚನೆ ಎಷ್ಟೇ ಎತ್ತರದಿಂದ ಬಂದಿರಲಿ. 1976ರಿಂದ 1991ಕ್ಕೆ ಹದಿನೈದು ವರ್ಷ. ಆ ಬಡಾವಣೆಯಲ್ಲಿ ಹುಟ್ಟಿದ ಮಗು ಹೈಸ್ಕೂಲು ಮುಟ್ಟುವಷ್ಟು ಕಾಲ ಆ ಜನ ಬಿಡದೆ ನಿಂತರು. ಅವರು ನಡೆಸಿದ ಹೋರಾಟ ಪಾರ್ಕನ್ನು ಎಲ್ಲರಿಗೂ ಉಳಿಸಿಕೊಳ್ಳಲು, ತಮಗಷ್ಟೇ ಇಟ್ಟುಕೊಳ್ಳಲು ಅಲ್ಲ. ಇದನ್ನು ನಾವು ಗಮನಿಸಬೇಕು.

ಈ ಹೋರಾಟ ನಡೆಯುತ್ತಿದ್ದಾಗಲೇ ರಾಜ್ಯದಲ್ಲಿ ಇನ್ನೊಂದು ಕಾನೂನು ಬಂತು: 1985ರ ಕರ್ನಾಟಕ ಉದ್ಯಾನಗಳು, ಆಟದ ಬಯಲುಗಳು ಮತ್ತು ತೆರೆದ ಜಾಗಗಳ ಸಂರಕ್ಷಣೆ ಹಾಗೂ ನಿಯಂತ್ರಣ ಕಾಯ್ದೆ. ಹೆಸರು ಉದ್ದವಾದರೂ ಹೇಳುವುದು ಸರಳ. ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ವ್ಯಾಪ್ತಿಯ ಪಾರ್ಕುಗಳ, ಆಟದ ಬಯಲುಗಳ ಪಟ್ಟಿ ಮಾಡಿ ಪ್ರಕಟಿಸಬೇಕು. ಪಟ್ಟಿಗೆ ಸೇರಿದ ಜಾಗವನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಬೇರೆ ಕೆಲಸಕ್ಕೆ ಬಳಸಬಾರದು. ಶುಚಿಯಾಗಿ, ಸರಿಯಾಗಿ ಇಟ್ಟುಕೊಳ್ಳಬೇಕು. ಹೀಗೆ ಒಂದು ಪಾರ್ಕಿನ ಭದ್ರತೆ ಆ ಪಟ್ಟಿಯ ಒಂದು ಸಾಲಿನಲ್ಲಿದೆ. ನಮ್ಮ ಪಾರ್ಕಿನ ಹೆಸರು ಅದರಲ್ಲಿ ಇದೆಯೇ ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಬೀಗಕ್ಕೆ ಕೊಟ್ಟ ದುಡ್ಡಿನ ಹತ್ತರಲ್ಲೊಂದು ಪಾಲು ಸಾಕಿತ್ತು.

ಇಲ್ಲಿ ಇನ್ನೊಂದು ಕಹಿ ಮಾತನ್ನೂ ಹೇಳಿಬಿಡಬೇಕು. ಪಾರ್ಕಿನ ಮೂಲೆಯಲ್ಲಿ ಎದ್ದದ್ದು ಶೆಡ್ಡಾದರೆ ಎಲ್ಲರೂ ಮಾತಾಡುತ್ತಾರೆ, ಪ್ರಾರ್ಥನಾ ಸ್ಥಳವಾದರೆ ಎಲ್ಲರ ಬಾಯಿ ಕಟ್ಟುತ್ತದೆ. ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಕೊಟ್ಟ ಆದೇಶದಲ್ಲಿ ರಸ್ತೆ, ಪಾರ್ಕ್ ಮತ್ತಿತರ ಸಾರ್ವಜನಿಕ ಸ್ಥಳಗಳಲ್ಲಿ ಇನ್ನು ಮುಂದೆ ದೇವಸ್ಥಾನ, ಚರ್ಚ್, ಮಸೀದಿ, ಗುರುದ್ವಾರದ ಹೆಸರಿನಲ್ಲಿ ಅನಧಿಕೃತ ಕಟ್ಟಡ ಏಳಬಾರದೆಂದು ಹೇಳಿತು. 2021ರಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ಒಂದು ದೇವಸ್ಥಾನ ಕೆಡವಿದ್ದು ದೊಡ್ಡ ಗಲಾಟೆಯಾಗಿ, ಅದೇ ವರ್ಷ ರಾಜ್ಯ ಸರ್ಕಾರ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಕಾಯ್ದೆ ತಂದು ಆಗಲೇ ಇದ್ದ ಕಟ್ಟಡಗಳಿಗೆ ರಕ್ಷಣೆ ಕೊಟ್ಟಿತು. ಹೊಸದಾಗಿ ಕಟ್ಟಲು ಅದು ಬಾಗಿಲು ತೆರೆಯಲಿಲ್ಲ. ಈ ಕಾನೂನು ಎಲ್ಲರಿಗೂ ಒಂದೇ. ಬೇರೆಯವರದಾದರೆ ಅತಿಕ್ರಮಣ, ನಮ್ಮದಾದರೆ ಪುಣ್ಯ ಎಂಬ ಲೆಕ್ಕ ಮಕ್ಕಳ ಜಾರುಬಂಡೆಯ ಜಾಗದಲ್ಲಿ ನಡೆಯಬಾರದು. ನಮ್ಮ ಮೊಹಲ್ಲಾದ ಹಿರಿಯರು ಈ ಮಾತನ್ನು ಮೊದಲು ಆಡಿದರೆ, ನಾಳೆ ಬೇರೆ ಕಡೆಯವರಿಗೆ ಹೇಳುವ ಧೈರ್ಯವೂ ಬರುತ್ತದೆ.

ಜನ ಇದ್ದರೆ ಕಾವಲು

ಹಾಗಾದರೆ ರಾತ್ರಿಯ ಕಾಟಕ್ಕೆ ಏನು ಮಾಡುವುದು? ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಬಡಾವಣೆಯ ಪಾರ್ಕುಗಳಿಗೇ ಒಂದು ಅಧ್ಯಾಯ ಇಟ್ಟರು. ಫಿಲಡೆಲ್ಫಿಯಾ ನಗರದಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯ, ಒಂದೇ ಕಾಲದಲ್ಲಿ ಯೋಜಿಸಿದ ನಾಲ್ಕು ಪಾರ್ಕುಗಳಿದ್ದವು. ಅವುಗಳಲ್ಲಿ ಒಂದು ಊರಿಗೇ ಅಚ್ಚುಮೆಚ್ಚು, ಇನ್ನೊಂದಕ್ಕೆ ಹೋಗಲು ಜನ ಹೆದರುತ್ತಿದ್ದರು. ವ್ಯತ್ಯಾಸ ಪಾರ್ಕಿನ ಒಳಗಿರಲಿಲ್ಲ. ಮೊದಲನೆಯದರ ಸುತ್ತ ಮನೆ, ಅಂಗಡಿ, ಶಾಲೆ, ಕಚೇರಿ ಎಲ್ಲ ಇದ್ದವು. ಬೆಳಿಗ್ಗೆ ವಾಕಿಂಗಿನವರು, ಆಮೇಲೆ ಮಕ್ಕಳನ್ನು ಕರೆತಂದ ತಾಯಂದಿರು, ಮಧ್ಯಾಹ್ನ ಊಟದ ಡಬ್ಬಿಯವರು, ಸಂಜೆ ಎಲ್ಲರೂ. ಎರಡನೆಯದರ ಸುತ್ತ ಕಚೇರಿಗಳು ಮಾತ್ರ, ಒಂದು ಹೊತ್ತು ಬಿಟ್ಟರೆ ಉಳಿದ ಹೊತ್ತೆಲ್ಲ ಖಾಲಿ. ಖಾಲಿ ಜಾಗಕ್ಕೆ ಕೆಟ್ಟವರು ಬಂದರು ಎಂಬುದು ಅವರ ವಾದ, ಕೆಟ್ಟವರು ಬಂದದ್ದರಿಂದ ಖಾಲಿಯಾಯಿತು ಎಂಬುದಲ್ಲ.

ಬೆಂಗಳೂರಿನ ಪಾರ್ಕುಗಳಿಗೆ ಹಗಲು ಹೊತ್ತಿನಲ್ಲಿ ಬಾಗಿಲು ಹಾಕುವ ಪದ್ಧತಿ ಇತ್ತು. 2024ರಲ್ಲಿ ಆಗಿನ ಬಿಬಿಎಂಪಿ ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡುವ ತೀರ್ಮಾನಕ್ಕೆ ಬಂತು. ದಾವಣಗೆರೆಗೆ ಅಷ್ಟು ಹೊತ್ತು ಬೇಕಿಲ್ಲದಿರಬಹುದು. ಎಂಟೂವರೆಗೆ ಮುಚ್ಚಿದರೂ ಸಾಕು. ಆದರೆ ಮುಚ್ಚುವುದು, ತೆರೆಯುವುದು ಪಾಲಿಕೆಯ ಕೆಲಸವಾಗಬೇಕು, ಸಮಯ ಗೇಟಿನ ಮೇಲೆ ಬರೆದಿರಬೇಕು. ಯಾವುದೋ ಒಂದು ಮನೆಯ ಮೊಳೆಗೆ ಕೀ ನೇತಾಡಿದರೆ ಆ ಮನೆಯವರಿಗೂ ಅದು ಶಿಕ್ಷೆಯೇ. ಮದುವೆಗೆ ಊರಿಗೆ ಹೋದರೆ ಪಾರ್ಕೂ ನಾಲ್ಕು ದಿನ ರಜೆ!

ಮಕ್ಕಳ ಆಟದ ವಿಷಯದಲ್ಲೂ ಒಂದು ಸಲಹೆ. ಕ್ರಿಕೆಟ್ ಚೆಂಡು ಅಜ್ಜಿಯ ತಲೆಗೆ ಬೀಳಬಾರದು, ನಿಜ. ಹಾಗಾದರೆ ಸಂಜೆ ನಾಲ್ಕರಿಂದ ಐದೂವರೆ ಹುಡುಗರಿಗೆ, ಆಮೇಲೆ ನಡೆಯುವವರಿಗೆ ಎಂದು ಹಂಚಿಕೊಂಡರೆ ಆಗುತ್ತದೆ. ರಬ್ಬರ್ ಚೆಂಡು ಮಾತ್ರ ಎಂದು ಹೇಳಿದರೂ ಆಗುತ್ತದೆ. ಹುಡುಗರನ್ನೇ ಕರೆದು ಕೂರಿಸಿ ಹೇಳಿದರೆ ಅವರು ಕೇಳುತ್ತಾರೆ; ಬೈದು ಓಡಿಸಿದ ಹುಡುಗ ಮಾತ್ರ ರಾತ್ರಿ ಬಂದು ಬಲ್ಬ್ ಒಡೆಯುತ್ತಾನೆ. ಬಡಾವಣೆಯ ಸಭೆಗಳಲ್ಲಿ ಸಾಮಾನ್ಯವಾಗಿ ಗಂಡಸರೇ ಕೂರುತ್ತಾರೆ, ಪಾರ್ಕನ್ನು ಹೆಚ್ಚು ಬಳಸಬೇಕಾದ ಹೆಂಗಸರು ಅಡುಗೆಮನೆಯಲ್ಲಿರುತ್ತಾರೆ. ಯಾವ ದೀಪ ಮೊದಲು ಬೇಕು, ಯಾವ ಪೊದೆ ಕಡಿಯಬೇಕು ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಇನ್ನು ಕಾಗದದ ಕೆಲಸ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂದು ಎಷ್ಟೋ ವರ್ಷವಾದರೂ ನಮ್ಮ ಮನೆಗಳಲ್ಲಿ ಅದನ್ನು ಬಳಸುವವರು ಕಡಿಮೆ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನದ ಗಡುವು. ಪಿಯುಸಿ ಓದುವ ಮಗಳು ಒಂದು ಸಂಜೆಯಲ್ಲಿ ಬರೆದುಕೊಡಬಲ್ಲಳು. ದೂಡಾಕ್ಕೆ ಒಂದು ಅರ್ಜಿ: ನಮ್ಮ ಬಡಾವಣೆಯ ಮಂಜೂರಾದ ನಕ್ಷೆಯ ಪ್ರತಿ ಕೊಡಿ, ಬಡಾವಣೆ ಪಾಲಿಕೆಗೆ ಅಥವಾ ನಗರಸಭೆಗೆ ಹಸ್ತಾಂತರವಾದ ದಿನಾಂಕ ತಿಳಿಸಿ. ಪಾಲಿಕೆಗೆ ಅಥವಾ ನಗರಸಭೆಗೆ ಇನ್ನೊಂದು: 1985ರ ಕಾಯ್ದೆಯಡಿ ಮಾಡಿದ ಪಾರ್ಕುಗಳ ಪಟ್ಟಿ ಕೊಡಿ, ನಮ್ಮ ಪಾರ್ಕಿನ ನಿರ್ವಹಣೆಗೆ ಗುತ್ತಿಗೆ ಕೊಟ್ಟಿದ್ದರೆ ಆ ಕಾರ್ಯಾದೇಶದ ಪ್ರತಿ ಕೊಡಿ.

ನಕ್ಷೆ ಕೈಗೆ ಬಂದ ದಿನ ಟೇಪ್ ಹಿಡಿದು ಹೋಗಿ ನಾಲ್ಕು ಬದಿಯನ್ನೂ ಅಳೆದು ನೋಡಿ. ಎಷ್ಟೋ ಕಡೆ ‘ಹೊರಗಿನವರು’ ಎಂದು ಹೆಚ್ಚು ಕೂಗಾಡಿದ ಮನೆಯ ಕಾಂಪೌಂಡೇ ಒಳಗೆ ಬಂದಿರುತ್ತದೆ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಫೋಟೋ ತೆಗೆದು, ದಿನಾಂಕ ಬರೆದು, ನಕ್ಷೆಯ ಪ್ರತಿ ಲಗತ್ತಿಸಿ ಪಾಲಿಕೆಯ ಆಯುಕ್ತರಿಗೆ, ಹರಿಹರವಾದರೆ ನಗರಸಭೆಯ ಪೌರಾಯುಕ್ತರಿಗೆ ಲಿಖಿತ ದೂರು ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ. ಐದಾರು ಮನೆಯವರು ಒಟ್ಟಿಗೆ ಸಹಿ ಹಾಕಿದರೆ ಯಾವ ಮನೆಯವರು ದೂರು ಕೊಟ್ಟರೆಂಬ ಅಳುಕೂ ಇರುವುದಿಲ್ಲ.